ನೆಲಗಪ್ಪೆಯ ಮೊಟ್ಟೆಗಳು ಗೋಡೆ ಬಿಟ್ಟು ಸಾಲಾದದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬಂಡೆಗೆ ಬೆರಳಿಟ್ಟರೆ ಗುಳಿ ಬೀಳುತ್ತಿತ್ತಂತೆ, ಅಷ್ಟು ಹೊಸದು. ತೊರೆಗಳಿಗೆ ಹರಿಯುವುದು ಬರುತ್ತಿತ್ತು, ನಿಲ್ಲುವುದು ಇನ್ನೂ ಬಂದಿರಲಿಲ್ಲ.

ಆಗ ಚೌಡಕ್ಕ ಅಂತ ಒಬ್ಬಳು ನೆಲಗಪ್ಪೆ ಇದ್ದಳು. ಮೈತುಂಬ ಗಂಟು, ಬಾಯ್ತುಂಬ ಮಾತು. ಎಲ್ಲಿಗೆ ಹೊರಟರೂ ಬಂಡೆಯ ಗೋಡೆ ಸವರಿಕೊಂಡೇ ಹೋಗುತ್ತಿದ್ದಳು. ನಡುಬಯಲಿಗೆ ಕಾಲಿಟ್ಟವಳೇ ಅಲ್ಲ. "ಗೋಡೆ ಪಕ್ಕ ಇದ್ರೆ ಹಾವಿನ ಕಣ್ಣಿಗೆ ಬೀಳಲ್ಲ, ನಮ್ಮವ್ವ ಹೇಳಿಕೊಟ್ಟದ್ದು" ಅನ್ನುತ್ತಿದ್ದಳು.

ಚೌಡಕ್ಕ ಮೊಟ್ಟೆ ಇಡುತ್ತಿದ್ದದ್ದು ಗುಡ್ಡದ ಮೇಲಿನ ಒಂದು ಪುಟ್ಟ ಗುಂಡಿಯಲ್ಲಿ. ಆಗೆಲ್ಲ ಕಪ್ಪೆಮೊಟ್ಟೆಗೆ ಲೋಳೆ ಇರಲಿಲ್ಲ. ಚೀಲದಿಂದ ಸುರಿದ ಸಾಸಿವೆಯ ಹಾಗೆ ಬಿಡಿಬಿಡಿ, ಕರಿಕರಿ. ಗುಂಡಿಯ ನೀರು ನಾಲ್ಕೇ ದಿನಕ್ಕೆ ಆರಿಹೋಗುತ್ತಿತ್ತು. ಅಷ್ಟರಲ್ಲಿ ಮೊಟ್ಟೆಗಳು ಕೆಳಗಿನ ಕೊಳ ಸೇರಬೇಕು. ದಾರಿ ಇದ್ದದ್ದು ಒಂದೇ, ಬಂಡೆಯೊಳಗಿನ ಸಂದು. ಬೆರಳು ತೂರದಷ್ಟು ಕಿರಿದು, ಹೋದಷ್ಟೂ ಉದ್ದ. ಅದರೊಳಗೆ ತೊರೆ ಹರಿಯುತ್ತಿತ್ತು.

ಹೋದ ಮಳೆಗಾಲ ಚೌಡಕ್ಕ ಸಂದಿನ ಬಾಯಲ್ಲಿ ಕೂತು ಕೂಗಿ ಕೂಗಿ ಹೇಳಿದ್ದಳು. "ಗೋಡೆ ಹಿಡ್ಕೊಳ್ಳಿ ಮಕ್ಕಳೇ! ಗೋಡೆ ಬಿಡಬೇಡಿ!"

ಅವ್ವನ ಮಾತು ತಾನೆ, ಮೊಟ್ಟೆಗಳು ಕೇಳಿದವು. ಗೋಡೆಗೇ ಹೋದವು. ಬಂಡೆಯ ಮೈ ಒರಟು. ಕೆಲವು ಒಡೆದವು, ಕೆಲವು ಅಂಟಿಕೊಂಡು ಅಲ್ಲೇ ಒಣಗಿದವು. ಚೌಡಕ್ಕ ಕೊಳದ ದಡದಲ್ಲಿ ಹುಣ್ಣಿಮೆಯಿಂದ ಅಮಾವಾಸ್ಯೆಯವರೆಗೆ ಕಾದಳು. ಒಂದೇ ಒಂದು ಮರಿಯೂ ಬಾಲ ಅಲ್ಲಾಡಿಸಿಕೊಂಡು ಬರಲಿಲ್ಲ.

ಈ ಮಳೆಗಾಲ ಮತ್ತೆ ಹೊಟ್ಟೆಯಲ್ಲಿ ಮೊಟ್ಟೆ ತುಂಬಿತು. ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು.

"ತೊರೆ ತಂಗೀ, ಈ ಸಲ ನನ್ನ ಮಕ್ಕಳನ್ನ ಜೋಪಾನವಾಗಿ ಕರ್ಕೊಂಡು ಹೋಗ್ತೀಯೇನೇ?" ಅಂತ ಕೇಳಿದಳು.

"ಅಯ್ಯೋ ಅಕ್ಕಾ, ನಂಗೆಲ್ಲಿವೆ ಕೈ? ನಾನು ಬರೀ ನೀರು. ಯಾರು ಎತ್ತ ಹೋದ್ರೂ ತಡೆಯೋಕೆ ಬರಲ್ಲ" ಅಂದಿತು ತೊರೆ. ಪಾಪ, ಅದಕ್ಕೂ ಬೇಜಾರಿತ್ತು.

ಪಕ್ಕದ ಕಲ್ಲಿನ ಮೇಲೆ ಬಸವನಹುಳು ನಿಂಗಜ್ಜ ಹೋಗುತ್ತಿದ್ದ. ಮೊನ್ನೆ ಹೊರಟವನು ಇನ್ನೂ ಅದೇ ಕಲ್ಲಿನ ಮೇಲಿದ್ದ. ಹಾಗಾಗಿ ಎಲ್ಲವೂ ಕಿವಿಗೆ ಬಿದ್ದಿತ್ತು.

"ನನ್ನ ಲೋಳೆ ತಗೋ ಮಗಳೇ" ಅಂದ. "ನುಂಗಿಬಿಡು. ಮೊಟ್ಟೆ ಜೊತೆಗೆ ಅದೂ ಬರುತ್ತೆ."

"ಲೋಳೆ ಏನು ಮಾಡುತ್ತಜ್ಜ?"

ನಿಂಗಜ್ಜ ಒಂದು ಎಳೆ ಲೋಳೆಯನ್ನು ಕಲ್ಲಿಗೆ ಅಂಟಿಸಿ ಎಳೆದ. ಉದ್ದಕ್ಕೆ ಬಂತು. ಬಿಟ್ಟ. ಚಟ್ಟನೆ ಹಿಂದಕ್ಕೆ ಹೋಯಿತು.

"ನೋಡಿದೆಯಾ? ಎಳೆದರೆ ಇದಕ್ಕೆ ಆಗಿಬರಲ್ಲ. ಸಂದಿನೊಳಗೆ ಗೋಡೆ ಇದನ್ನ ಹಿಡ್ಕೊಳ್ಳುತ್ತೆ, ತೊರೆ ಮುಂದಕ್ಕೆ ಎಳೆಯುತ್ತೆ. ಗೋಡೆ ಹತ್ತಿರ ಎಳೆದಾಟ ಜಾಸ್ತಿ. ಅಲ್ಲಿ ಬಿಗಿದುಕೊಂಡು ಸಿಡಿಮಿಡಿ ಅಂತಿರುತ್ತೆ. ಹತ್ತಿರ ಬಂದ ಮಗೂನ ಅತ್ತ ಹೋಗು ಅಂತ ನೂಕುತ್ತೆ. ಈ ಗೋಡೆ ಕಡೆಯಿಂದಲೂ ನೂಕುತ್ತೆ, ಆ ಗೋಡೆ ಕಡೆಯಿಂದಲೂ ನೂಕುತ್ತೆ. ನಟ್ಟನಡುವೆ ಮಾತ್ರ ಎಳೆದಾಟ ಇಲ್ಲ. ಮಕ್ಕಳೆಲ್ಲ ಅಲ್ಲಿ ಬಂದು ಸಾಲಾಗ್ತವೆ."

"ನಡುವೆಯಾ? ಗೋಡೆ ಬಿಟ್ಟಾ?" ಚೌಡಕ್ಕ ಹಿಂದಕ್ಕೆ ಕುಪ್ಪಳಿಸಿದಳು. "ಬೇಡಪ್ಪಾ ಬೇಡ! ಅಲ್ಲಿ ಅವಕ್ಕೆ ಯಾರಿದ್ದಾರೆ?"

"ನಿಂಗೆ ನಾಲ್ಕು ಕಾಲಿವೆ, ಗೋಡೆ ಸರಿಹೋಗುತ್ತೆ. ಅವಕ್ಕೆ ಏನಿದೆ ಹೇಳು? ನೀನು ಮಾಡಬೇಕಾದ್ದು ಒಂದೇ. ಬಾಯಿ ಮುಚ್ಕೊಂಡು ಕೂರಬೇಕು. ನೀನು ಕೂಗಿದ್ಯೋ, ಅವು ಹಟಹಿಡಿದು ಗೋಡೆಗೆ ಹೋಗ್ತವೆ. ಆಮೇಲೆ ನನ್ನ ಲೋಳೆನೂ ಅಷ್ಟೆ, ನಿನ್ನ ಮಕ್ಕಳೂ ಅಷ್ಟೆ."

ಇಷ್ಟು ಹೇಳಿ ಮುಗಿಸುವುದರೊಳಗೆ ನಿಂಗಜ್ಜನಿಗೆ ಬೆಳಿಗ್ಗೆ ಹೋಗಿ ಮಧ್ಯಾಹ್ನವಾಗಿತ್ತು. ಮೈಯಲ್ಲಿದ್ದ ಲೋಳೆಯನ್ನೆಲ್ಲ ಕೊಟ್ಟು ಅವನು ಒಣಗಿ ಚಿಪ್ಪಿನೊಳಗೆ ಸುರುಟಿಕೊಂಡ. ಹೋದ ಮಳೆಗಾಲ ನೆನೆದು ಚೌಡಕ್ಕ ಅದನ್ನು ನುಂಗಿದಳು. ಆಮೇಲೆ ತನ್ನ ಹೊಟ್ಟೆಯೊಳಗಿಟ್ಟಿದ್ದ ನೀರನ್ನು ಅವನ ಮೇಲೆ ಬಿಟ್ಟು, ಬಿಸಿಲು ತಾಗದ ಹಾಗೆ ಅಡ್ಡ ಕೂತಳು. "ಇದೇನಮ್ಮ ನೀರು?" ಅಂದ ಅಜ್ಜ. "ಕೇಳಬೇಡಜ್ಜ" ಅಂದಳು.

ಮಾರನೆಯ ದಿನ ಮೊಟ್ಟೆಗಳು ಲೋಳೆಯ ಜೊತೆಗೆ ಹೊರಬಂದು ಸಂದಿನೊಳಕ್ಕೆ ಜಾರಿದವು. ಚೌಡಕ್ಕ ಬಗ್ಗಿ ನೋಡಿದಳು. ಮೊದಲ ಮೊಟ್ಟೆ ವಾಲಿತು. ಬಲಗಡೆ ಗೋಡೆಯ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಚೂಪು ಕಲ್ಲೊಂದು ಅಲ್ಲೇ ಕಾಯುತ್ತಿತ್ತು. ಹಿಡ್ಕೋ ಮಗಾ ಅನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂತು. ಗಂಟಲು ಉಬ್ಬಿತು, ಕಣ್ಣು ಹೊರಗೆ ಬಂತು. ಆದರೂ ಬಾಯಿ ಬಿಡಲಿಲ್ಲ, ಹೆತ್ತವ್ವ. ಎಷ್ಟು ಕಷ್ಟವಾಗಿರಬೇಕು ಅವಳಿಗೆ!

ಗೋಡೆಯ ಹತ್ತಿರ ಲೋಳೆ ಬಿಗಿಯಿತು. ಮೊಟ್ಟೆಯನ್ನು ಮೆಲ್ಲಗೆ, ಮೆಲ್ಲಗೆ ಆಚೆ ನೂಕಿತು. ಮೊಟ್ಟೆ ನಡುವಿಗೆ ಬಂತು. ಅದರ ಹಿಂದೆ ಇನ್ನೊಂದು ಬಂತು. ಅದರ ಹಿಂದೆ ಮತ್ತೊಂದು.

"ಅಕ್ಕಾ, ನೋಡೇ!" ತೊರೆ ಕುಣಿದಾಡಿತು. "ಯಾರೂ ಗೋಡೆ ಮುಟ್ತಿಲ್ಲ ಕಣೇ!"

ಚೌಡಕ್ಕ ಇನ್ನಷ್ಟು ಬಗ್ಗಿ ನೋಡಿದಳು. ಕೆನ್ನೆಯ ಮೇಲೆ ನೀರು ಇಳಿಯಿತು. ಬಿದ್ದು ಎದ್ದು ಕೊಳಕ್ಕೆ ಹೋದಳು, ಆತುರಕ್ಕೆ ಗೋಡೆ ಬಿಟ್ಟು ನಡುಬಯಲಲ್ಲೇ ಕುಪ್ಪಳಿಸಿದ್ದು ಅವಳಿಗೇ ಗೊತ್ತಾಗಲಿಲ್ಲ. ಕೆಲವು ದಿನಕ್ಕೆ ಕೊಳದ ತುಂಬ ಪುಟ್ಟಪುಟ್ಟ ಬಾಲಗಳು ಅಲ್ಲಾಡಿದವು.

ಆವತ್ತು ನುಂಗಿದ ಲೋಳೆ ಚೌಡಕ್ಕನ ವಂಶದಲ್ಲೇ ಉಳಿದುಬಿಟ್ಟಿತು. ಇವತ್ತಿಗೂ ಮೊದಲ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಹೊಂಡದ ಹತ್ತಿರ ಹೋಗಿ ಬಗ್ಗಿ ನೋಡು ಪುಟ್ಟಾ: ಲೋಳೆಯ ಉದ್ದನೆಯ ಎಳೆಯೊಳಗೆ ಕರಿ ಮೊಟ್ಟೆಗಳು ನಟ್ಟನಡುವೆ ಒಂದರ ಹಿಂದೆ ಒಂದು ಸಾಲಾಗಿರುತ್ತವೆ, ಗಂಡುಕಪ್ಪೆಗಳು ವಟವಟ ಅಂತ ಊರು ಒಂದು ಮಾಡುತ್ತಿರುತ್ತವೆ, ಹೆತ್ತವ್ವ ಮಾತ್ರ ದಡದಲ್ಲಿ ಕಣ್ಣುಬಿಟ್ಟುಕೊಂಡು, ಬಾಯಿ ಮುಚ್ಚಿಕೊಂಡು ಕೂತಿರುತ್ತಾಳೆ.