ಹಿತ್ತಲ ಹಲಸೂ ಅಡುಗೆಮನೆ ಗೋಡೆಯೂ

ಹೂಂಗುಟ್ಟುವವರಿದ್ದರೆ ಹೇಳುತ್ತೇನೆ, ತೂಕಡಿಸುವವರು ಈಗಲೇ ಎದ್ದು ಹೋಗಿ.

ಕೆಂಚವ್ವ ಅಂತ ಒಬ್ಬ ತಾಯಿ, ಮಾಚ ಅಂತ ಅವಳ ಮಗ. ಮೈ ಎತ್ತಿನಷ್ಟು, ಬುದ್ಧಿ ಎಮ್ಮೆಯೂ ನಗುವಷ್ಟು. ಹಿತ್ತಲಲ್ಲಿ, ತೀರಿಹೋದ ಗಂಡ ನೆಟ್ಟ ಹಲಸಿನ ಮರ. ಒಂದು ಕಾಯಿಯನ್ನೂ ಬಿಟ್ಟಿರಲಿಲ್ಲ. ಬೇರು ಮಾತ್ರ ಅಡುಗೆಮನೆ ಗೋಡೆಗೆ ನುಗ್ಗಿ ಬಿರುಕು ಬಿಡಿಸಿತ್ತು. ಕಡಿಯೋಣವೆಂದರೆ ಗಂಡನ ನೆನಪು, ಬಿಡೋಣವೆಂದರೆ ಗೋಡೆಯ ಭಯ.

"ಮಗಾ, ಮರ ಉಳಿಸೋದೋ ಗೋಡೆ ಉಳಿಸೋದೋ, ಯಾರನ್ನಾದ್ರೂ ಕೇಳ್ಕೊಂಡು ಬಾ."

ಮಾಚ ಬಡಗಿ ಈರಾಚಾರಿಯನ್ನು ಕೇಳಿದ. "ಕಡಿದು ಹಾಕು, ಹಲಗೆ ನನಗಿರಲಿ!" ಅಂದ ಆಚಾರಿ. ಮಾಚ ಬಂದವನೇ ಕೊಡಲಿ ಎತ್ತಿದ.

"ಥೂ ನಿನ್ನ! ಅವನಿಗೆ ಹಲಗೆ ಆಸೆ ಕಣೋ! ಆಸೆ ಇರೋರ ಮಾತು ಕೇಳ್ಬೇಡ, ಆಸೆ ಇಲ್ಲದೋರನ್ನ ಕೇಳು!"

"ಹಂಗೇ ಆಗ್ಲವ್ವಾ!"

ಹೋಗಿ ಒರಳುಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಬಿಸಿಲು ಏರಿತು, ಬಿಸಿಲು ಇಳಿಯಿತು.

"ಏನೋ ಅದು?"

"ಇದಕ್ಕೆ ಯಾವ ಆಸೇನೂ ಇಲ್ಲವ್ವಾ, ರುಬ್ಬಿದ್ದನ್ನೆಲ್ಲ ನಮಗೇ ಕೊಡ್ತದೆ. ಆದ್ರೆ ಬಾಯೇ ಬಿಡ್ತಿಲ್ಲ!"

"ಅಯ್ಯೋ ನನ್ನ ಕರ್ಮವೇ! ಉತ್ತರ ಕೊಡೋರನ್ನ ಕೇಳೋ! ಉತ್ತರ ಕೊಡದ್ದು ಇದ್ದರೆಷ್ಟು, ಬಿದ್ದರೆಷ್ಟು!"

"ಹಂಗೇ ಆಗ್ಲವ್ವಾ!"

ಕೊನೆಗೆ ಕೆಂಚವ್ವನೇ ಯೋಚಿಸಿದಳು. ಕಾಯಿ ಬಿಡದ ಮರವನ್ನು ಹೆದರಿಸುವ ಪದ್ಧತಿ ಇದೆಯಲ್ಲ, ಒಬ್ಬರು ಕೊಡಲಿ ಎತ್ತೋದು, ಇನ್ನೊಬ್ಬರು ತಡೆಯೋದು. ಹೆದರಿ ಕಾಯಿ ಬಿಟ್ಟರೆ ಉಳಿದುಕೊಳ್ಳಲಿ.

"ನೀನು ಕಡೀತೀನಿ ಅನ್ನು, ನಾನು ಬ್ಯಾಡ ಅಂತೀನಿ. ಆಗ ಕೊಡಲಿ ಇಳಿಸು."

"ಕಡೀತೀನಿ!" ಗುಡುಗಿದ ಮಾಚ.

"ಬ್ಯಾಡಪ್ಪಾ ಬ್ಯಾಡ, ಬರೋ ಬೇಸಿಗೇಲಿ ಬಿಡ್ತದೆ!"

ಮಾಚ ಅವಳನ್ನೇ ಅನುಮಾನದಿಂದ ನೋಡಿದ. "ಅವ್ವಾ, ನಿನಗೆ ಹಲಸಿನ ತೊಳೆ ಅಂದ್ರೆ ಆಸೆ ಅಲ್ವಾ? ಆಸೆ ಇರೋರ ಮಾತು ಕೇಳಬಾರದು!" ಅಂತ ಕಣ್ಣು ಮುಚ್ಚಿ ಕೊಡಲಿ ಎತ್ತಿದ.

ಕೆಂಚವ್ವ ಓಡಿಹೋಗಿ ಮರದ ಹಿಂದೆ ಅಡಗಿ ಗೊಗ್ಗರು ದನಿ ತೆಗೆದಳು: "ನಾನು ಮರ ಕಣಪ್ಪಾ! ಕಡೀಬ್ಯಾಡ, ಕಾಯಿ ಬಿಡ್ತೀನಿ!"

ಮಾಚ ಕೊಡಲಿ ಇಳಿಸಿ ಕೈಮುಗಿದ. "ಉತ್ತರ ಕೊಡ್ತಲ್ಲ, ಸಾಕು!"

ಬದುಕಿದೆಯಾ ಬಡಜೀವವೇ ಅಂತ ಕೆಂಚವ್ವ ನೀರಿಗೆ ಹೋದಳು. ಕೊಡ ಹೊತ್ತು ಬರುವಷ್ಟರಲ್ಲಿ ಧಡಾರ್! ಧೂಳೋ ಧೂಳು! ಅಡುಗೆಮನೆ ಗೋಡೆ ನೆಲಸಮ.

"ಏನ್ ಮಾಡಿದ್ಯೋ!"

"ಗೋಡೇನೂ ಕೇಳ್ದೆ ಅವ್ವಾ, ನೀನು ಕಾಯಿ ಬಿಡ್ತೀಯಾ ಅಂತ. ಉತ್ತರಾನೇ ಇಲ್ಲ! ಇದ್ದರೆಷ್ಟು, ಬಿದ್ದರೆಷ್ಟು!"

ಬೇಸಿಗೆಗೆ ಮರ ಬುಡದಿಂದಲೇ ಕಾಯಿ ಬಿಟ್ಟಿತು. ಗೋಡೆ ಇಲ್ಲವಲ್ಲ, ಒಲೆ ಮುಂದೆ ಕೂತೇ ಕೈ ಚಾಚಿದರೆ ಹಲಸು. ಆದರೆ ಮಾಚ ಒಂದೊಂದು ಹಣ್ಣಿಗೂ ಮರದ ಮುಂದೆ ನಿಂತು ಕೇಳುತ್ತಾನೆ: "ಕೀಳಲಾ?"

ಕೆಂಚವ್ವ ಬಾಯಲ್ಲಿದ್ದ ತೊಳೆ ನುಂಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮರದ ಹಿಂದೆ ಓಡುತ್ತಾಳೆ.