ಉದ್ದ ಕತ್ತಿನ ನೆಂಟನಿಗೆ ಎಲೆ ಹಾಕಿದ್ದು

ಒಂದಾನೊಂದು ಕಾಲದಲ್ಲಿ, ಅಂದರೆ ರಾಜರಿಗೆ ಬೇರೆ ಕೆಲಸ ಇಲ್ಲದ ಕಾಲದಲ್ಲಿ, ದೇಶದೇಶದ ರಾಜರೆಲ್ಲ ಪ್ರಾಣಿ ಕೂಡಿಹಾಕ್ತಿದ್ದರಂತೆ. ಒಬ್ಬ ಬಿಳಿ ಕರಡಿಗೆ ಹಗ್ಗ ಕಟ್ಟಿ ಹೊಳೇಲಿ ಮೀನು ಹಿಡಿಯೋಕೆ ಬಿಡ್ತಿದ್ದನಂತೆ, ಇನ್ನೊಬ್ಬ ಊಟದ ಮನೆ ಪಕ್ಕದಲ್ಲೇ ಸಿಂಹ ಇಟ್ಟಿದ್ದನಂತೆ, ನೆಂಟರು ಬೇಗ ಏಳಲಿ ಅಂತ. ನಮ್ಮ ಕಡೆ ರಾಜನಿಗೂ ಒಂದು ಮೃಗಶಾಲೆ ಇತ್ತಂತೆ. ಎರಡು ಹುಲಿ, ಒಂದು ಮುದಿ ಆನೆ, ಲದ್ದಿ ಬಾಚೋಕೆ ಹೊನ್ನಾಜಮ್ಮ. ಹೂಂ ಅನ್ನು ಪುಟ್ಟಿ, ಇಲ್ಲದಿದ್ರೆ ಹೇಳಲ್ಲ.

ಆಮೇಲೆ ಒಂದಿನ ಸಮುದ್ರದಾಚೆಯ ಸುಲ್ತಾನ ಒಂದು ಜಿರಾಫೆ ಕಳಿಸಿದನಂತೆ. ಅರಮನೆ ಬಾಗಿಲಿಗೆ ಮಾವಿನ ತೋರಣ ಕಟ್ಟಿ ಬರಮಾಡಿಕೊಂಡರಂತೆ. ಹೊನ್ನಾಜಮ್ಮ ಕಾಲಿಂದ ನೋಡ್ತಾ ನೋಡ್ತಾ ತಲೆ ಸಿಗೋ ಹೊತ್ತಿಗೆ ಕುತ್ತಿಗೆ ಉಳುಕಿತ್ತಂತೆ. ಅದು ಬಗ್ಗಿ ಅವಳ ತುರುಬು ನೆಕ್ಕಿತಂತೆ. ಅಲ್ಲಿಗೆ ಅವಳು ಅದರವಳಾದಳು. ಜೊತೆಗೆ ಬಂದ ಕಾಗದವನ್ನ ಆಸ್ಥಾನದ ದುಭಾಷಿ, ಬಹಳ ಓದಿದವನು, ಕನ್ನಡದಲ್ಲಿ ಹೇಳಿದನಂತೆ: ಇದನ್ನ ನೆಂಟನ ಹಾಗೆ ನೋಡ್ಕೊಳ್ಳಿ, ಎರಡು ಹೊತ್ತೂ ಎಲೆ ಹಾಕಿ.

ಎಲೆ ಹಾಕೋದು ಅಂದರೆ ಅರಮನೆಗೆ ಗೊತ್ತಿದ್ದದ್ದು ಒಂದೇ. ಅಡಿಗೆಯವರು ನೆಲ ಸಾರಿಸಿ, ಬಾಳೆಲೆ ಹಾಸಿ, ತುದಿಗೆ ಉಪ್ಪು ಇಟ್ಟು, ಕೋಸಂಬರಿ, ಅನ್ನ, ತೊವ್ವೆ, ತುಪ್ಪ ಎಲ್ಲ ಬಡಿಸಿದರಂತೆ. ಜಿರಾಫೆ ಮೂಸಲೂ ಇಲ್ಲವಂತೆ. ಎರಡನೇ ದಿನ ಪುರೋಹಿತರು, ನೆಂಟರು ಒಬ್ಬರೇ ಉಣ್ಣಲ್ಲ, ಪಂಕ್ತಿ ಬೇಕು ಅಂದರಂತೆ. ಸರಿ, ಅವರೂ ದಿವಾನರೂ ದುಭಾಷಿಯೂ ಅದರ ಸಾಲಲ್ಲಿ ಕೂತರಂತೆ. ಅವರು ಉಂಡರು, ಅದು ನೋಡಿತು. ಮೂರನೇ ದಿನ ರಾಣಿ, ಒತ್ತಾಯ ಮಾಡದೆ ಯಾರು ತಿಂತಾರೆ ಅಂತ ತಾನೇ ಸೌಟು ಹಿಡಿದು, ಸಂಕೋಚ ಬೇಡ, ಇನ್ನೊಂಚೂರು ಪಾಯಸ, ಅಂತ ಸಂಜೆವರೆಗೂ ಅಂಗಲಾಚಿದಳಂತೆ. ಜಿರಾಫೆ ಹಸಿವಿಗೆ ತೂರಾಡೋಕೆ ಶುರುಮಾಡಿತಂತೆ.

ಆಮೇಲೆ ರಾಜ, ಹೇಗೂ ಸಾಯುತ್ತೆ, ಬಡಕಲಾಗೋ ಮೊದಲೇ ಕೊಂದು ಒಳಗೆ ಹುಲ್ಲು ತುಂಬಿ, ದರ್ಬಾರಲ್ಲಿ ನಿಲ್ಲಿಸೋಣ, ಹೊನ್ನಾಜಮ್ಮ ನೀನೇ ಹಿಡಕೊಂಡು ಬಾ ಅಂದನಂತೆ. ಅವಳು, ಬದುಕಿದ್ದಾಗ ತುಂಬಲಿಲ್ಲ, ಸತ್ತ ಮೇಲೆ ಹೊಟ್ಟೆ ತುಂಬಿಸ್ತಾರಂತೆ ಬುದ್ಧಿವಂತರು, ಅಂತ ಗೊಣಗ್ತಾ ಕಣ್ಣೊರೆಸ್ಕೊಂಡು ಹಗ್ಗ ಹಿಡಿದಳಂತೆ.

ಅರಮನೆ ಬಾಗಿಲಲ್ಲಿ ಹಗ್ಗ ನಿಂತೇಬಿಟ್ಟಿತು. ತಿರುಗಿ ನೋಡ್ತಾಳೆ, ಜಿರಾಫೆ ಕತ್ತೆತ್ತಿ, ಅದರ ಸ್ವಾಗತಕ್ಕೇ ಕಟ್ಟಿದ್ದ ತೋರಣವನ್ನ ಈ ತುದಿಯಿಂದ ಆ ತುದಿವರೆಗೆ ತಿಂತಾ ಇದೆಯಂತೆ. ದಾರ ಮಾತ್ರ ಉಳೀತು.

ಹೊನ್ನಾಜಮ್ಮ ನಕ್ಕೂ ನಕ್ಕೂ ಕೆಳಗೆ ಕೂತು, ಅಲ್ಲ ಸ್ವಾಮಿ, ಎಲೆ ಹಾಕಿ ಅಂದರೆ ಎಲೆ ಹಾಕಿ ಅಂತಲೇ ಇರಬಹುದು ಅಂತ ಯಾಕೆ ಹೊಳೀಲಿಲ್ಲ ಅಂತ ಅಲ್ಲೇ ಬಂದು ನಿಂತಿದ್ದ ದುಭಾಷಿನ ಕೇಳಿದಳಂತೆ. ನಾನು ಓದಿದೋನಲ್ಲವೇ ಅಂದನಂತೆ ಪಾಪ.

ಆಮೇಲೆ ರಾಜ ಹುಲ್ಲಿನ ಮಾತು ಬಿಟ್ಟು, ಮೃಗಶಾಲೆ ಪೂರ್ತಿ ಹೊನ್ನಾಜಮ್ಮನ ಕೈಗೆ ಕೊಟ್ಟನಂತೆ. ಅವಳು ದುಭಾಷಿನ ಏಣಿ ಹತ್ತಿಸಿ ದಿನಾ ಎರಡು ಹೊತ್ತು ತೋರಣ ಕಟ್ಟಿಸ್ತಿದ್ದಳಂತೆ. ದಾರಿಹೋಕರು, ಇವತ್ತೇನು ಹಬ್ಬ ಅಂತ ಕೇಳಿದರೆ, ಊಟ ಅಂತಿದ್ದಳಂತೆ.

ಜಿರಾಫೆ ಹೊಟ್ಟೆ ತುಂಬಿತು, ನಿನ್ನ ಹೂಂ ನಿಂತಿತು, ಕತೆಯೂ ಅಲ್ಲಿಗೆ ಮುಗೀತು.