ಆನೆ ಬರಲಿಲ್ಲ, ನೀರು ಬಂತು

ಒಂದು ಕಾಡಿನಲ್ಲಿ, ಗುಡ್ಡದ ಬುಡದಲ್ಲಿ, ದುಂಡಮ್ಮ ಎಂಬ ಹೆಗ್ಗಣ ತನ್ನ ಮರಿಗಳೊಂದಿಗೆ ಬಾಳುತ್ತಿದ್ದಳು. ಅವಳ ಬಿಲದ ಮುಂದೆಯೇ ಒರತೆಯ ನೀರು ಹರಿಯುತ್ತಿತ್ತು. ಕಾಡಿನ ಸಣ್ಣಪುಟ್ಟ ಪ್ರಾಣಿಗಳಿಗೆಲ್ಲ ಅದೇ ಆಧಾರ. ಒಂದು ಮಳೆಗಾಲದಲ್ಲಿ ಗುಡ್ಡ ಕುಸಿದು ಒರತೆಯ ಬಾಯಿ ಮುಚ್ಚಿಹೋಯಿತು. ಬೇಸಿಗೆ ಬರುವಷ್ಟರಲ್ಲಿ ಹಳ್ಳ ಒಣಗಿತು. ನೀರು ಬೇಕೆಂದರೆ ದೂರದ ಹೊಳೆಗೆ ಹೋಗಬೇಕು. ಹೊಳೆಯಲ್ಲಿ ಮೊಸಳೆ ಇತ್ತು.

ಆಗ ಮುಂದೆ ಬಂದವನು ಜಾಣಪ್ಪ ಎಂಬ ನರಿ. ಮಣ್ಣಿನ ರಾಶಿಯ ಎದುರು ಎಲ್ಲರನ್ನೂ ಸೇರಿಸಿ, ಬಂಡೆಯ ಮೇಲೆ ಕುಳಿತು ಹೇಳಿದ:

"ಇದು ನಮ್ಮಂಥವರ ಕೈಲಾಗೋ ಕೆಲಸವಲ್ಲ. ಆನೆಗಳೇ ಬರಬೇಕು. ಆನೆಗಳ ಯಜಮಾನರು ನನಗೆ ತೀರಾ ಬೇಕಾದವರು, ಹೇಳಿಕಳಿಸಿದ್ದೇನೆ. ಅವರು ಬಂದಾಗ ಬರಿಗೈಲಿ ನಿಲ್ಲೋಕಾಗುತ್ತಾ? ದಿನಾ ಒಂದಿಷ್ಟು ತಿನಿಸು ತಂದಿಡಿ."

ಎಲ್ಲರೂ ತಂದಿಟ್ಟರು. ಹಲಸಿನ ತೊಳೆ, ಜೇನುಹುಟ್ಟು, ಒಣಗಿದ ಏಡಿ. ದುಂಡಮ್ಮ ಮರಿಗಳ ಬಾಯಿಂದ ಉಳಿಸಿ ಗೆಡ್ಡೆ ತಂದಿಟ್ಟಳು. ಇಟ್ಟದ್ದೆಲ್ಲ ಬೆಳಗಾಗುವಷ್ಟರಲ್ಲಿ ಖಾಲಿ. ಜಾಣಪ್ಪನ ಹೊಟ್ಟೆ ಮುಂದೆ ಬಂತು, ಆನೆಗಳು ಮಾತ್ರ ಬರಲಿಲ್ಲ. ಕೇಳಿದರೆ, "ದೊಡ್ಡವರು ನಿಧಾನವಾಗಿಯೇ ಬರೋದು" ಎನ್ನುತ್ತಿದ್ದ. ಆಮೇಲೆ ಇನ್ನೊಂದು ಸಭೆ ಕರೆಯುತ್ತಿದ್ದ.

ಒಂದು ದಿನ ನೀರಿಗೆಂದು ಹೊಳೆಗೆ ಹೋದ ಮೊಲದ ಹೆಂಡತಿ ಹಿಂತಿರುಗಲಿಲ್ಲ. ಅಂದು ದುಂಡಮ್ಮನಿಗೆ ಅನ್ನ ಸೇರಲಿಲ್ಲ. 'ನಾಳೆ ನಾನು ಹೋಗಬೇಕಲ್ಲ. ನಾನೂ ಬಾರದೇ ಹೋದರೆ ಈ ಮರಿಗಳ ಗತಿಯೇನು?'

ಅವಳು ಮಣ್ಣಿನ ರಾಶಿಯ ಬಳಿ ಹೋಗಿ ತಲೆಯೆತ್ತಿ ನೋಡಿದಳು. ರಾಶಿ ಮುಗಿಲಿಗೆ ತಾಕುವಂತಿತ್ತು. ಜಾಣಪ್ಪ ಹೇಳಿದ್ದು ನಿಜವೇ ಅನ್ನಿಸಿತು. ನಿಟ್ಟುಸಿರು ಬಿಟ್ಟು ತಲೆ ತಗ್ಗಿಸಿದಳು. ಮೂಗಿನ ಮುಂದೆ ಹಿಡಿಯಷ್ಟು ಸಡಿಲ ಮಣ್ಣಿತ್ತು. ಇಷ್ಟನ್ನಂತೂ ತೆಗೆಯಬಹುದು ಎಂದುಕೊಂಡು ತೆಗೆದಳು. ಅದರ ಹಿಂದೆ ಇನ್ನೊಂದು ಹಿಡಿ ಇತ್ತು. ಅದನ್ನೂ ತೆಗೆದಳು. ಬಿಸಿಲೇರಿದಾಗ ನಿಲ್ಲಿಸಿ ಮನೆಗೆ ಹೋದಳು. ಮರುದಿನ ಮತ್ತೆ ಬಂದು ರಾಶಿಯ ಬುಡವನ್ನು ಕೊರೆಯತೊಡಗಿದಳು. ತಲೆ ಮಾತ್ರ ಎತ್ತಲಿಲ್ಲ.

ನೋಡಿದವರೆಲ್ಲ ನಕ್ಕರು. ಜಾಣಪ್ಪ ಬಂಡೆಯ ಮೇಲಿಂದ ಕೇಳಿದ, "ಏನಮ್ಮಾ ದುಂಡಮ್ಮ, ಗುಡ್ಡ ಎಲ್ಲಿ, ನಿನ್ನ ಹಲ್ಲೆಲ್ಲಿ?"

"ಗುಡ್ಡ ನೋಡಿದರೆ ಕೈ ಓಡಲ್ಲ, ಸ್ವಾಮಿ. ಅದಕ್ಕೇ ನಾನು ಅದನ್ನ ನೋಡ್ತಿಲ್ಲ. ಮುಂದಿರೋ ಮಣ್ಣು ನೋಡ್ತೀನಿ, ಅಷ್ಟೆ."

ಕೆಲವು ದಿನ ಕಳೆದ ಮೇಲೆ ಹೆಂಡತಿಯನ್ನು ಕಳೆದುಕೊಂಡ ಮೊಲ ಬಂದು, ಅವಳ ಹಿಂದೆ ನಿಂತು ಮಣ್ಣನ್ನು ಹೊರಗೆಳೆಯತೊಡಗಿತು. ಆಮೇಲೆ ಮುಳ್ಳುಹಂದಿ ಬಂತು. ಮಣ್ಣು ಎಳೆಯುವವರು ಹೆಚ್ಚಿದಂತೆ ತಿನಿಸು ತರುವವರು ಕಡಿಮೆಯಾದರು. ಜಾಣಪ್ಪನಿಗೆ ದಿಗಿಲಾಯಿತು.

ಅವನು ದುಂಡಮ್ಮನಿಗೆ ಸನ್ಮಾನ ಏರ್ಪಡಿಸಿದ. ಬೆಳಗಿನಿಂದ ಸಂಜೆಯವರೆಗೆ ಭಾಷಣಗಳಾದವು. ಕಾಡುಮಲ್ಲಿಗೆಯ ಹಾರ ಹಾಕಿ, "ಇನ್ನು ಮುಂದೆ ನಮ್ಮ ಸಮಿತಿಗೆ ನೀವೇ ಅಧ್ಯಕ್ಷರು. ಮಣ್ಣು ಮುಟ್ಟೋದು ನಿಮ್ಮ ಘನತೆಗೆ ತಕ್ಕದ್ದಲ್ಲ. ನಾಳೆ ಬೆಳಿಗ್ಗೆ ಸಭೆ, ತಪ್ಪಿಸಬೇಡಿ" ಎಂದ. ದುಂಡಮ್ಮನಿಗೂ ಒಳಗೊಳಗೇ ಹಿಗ್ಗಾಯಿತು. ಮನೆಗೆ ಹೋದಳು. ಕಿರಿಯ ಮರಿ ಹಾರವನ್ನು ನೆಕ್ಕಿ ನೋಡಿ, "ಅವ್ವಾ, ಇದರಲ್ಲಿ ನೀರಿಲ್ಲ" ಎಂದಿತು.

ಮರುದಿನ ಸಭೆಯಲ್ಲಿ ಅಧ್ಯಕ್ಷರ ಜಾಗ ಖಾಲಿಯಿತ್ತು. ಅಧ್ಯಕ್ಷರು ರಾಶಿಯ ಬುಡದಲ್ಲಿ ಮಣ್ಣು ತೋಡುತ್ತಿದ್ದರು.

ಹೀಗೇ ತೋಡುತ್ತಿರಲು ಒಂದು ಬೆಳಿಗ್ಗೆ ಅವಳ ಮೂಗಿಗೆ ತಣ್ಣಗೆ ತಗುಲಿತು. ಹಸಿ ಮಣ್ಣು! ಮುಂದೆ ಒಂದೇ ಒಂದು ಕಲ್ಲು ಅಡ್ಡವಿತ್ತು. ಅದರ ಅಂಚಿನಿಂದ ನೀರು ಜಿನುಗುತ್ತಿತ್ತು. ಸುದ್ದಿ ಕೇಳಿ ಕಾಡಿಗೆ ಕಾಡೇ ಓಡಿಬಂತು. ಎಲ್ಲರಿಗಿಂತ ಮುಂದೆ ಜಾಣಪ್ಪನಿದ್ದ.

"ಎಲ್ಲರೂ ದೂರ ಸರೀರಿ," ಎಂದ. "ಕೊನೆಯ ಕಲ್ಲು ನಾನು ತೆಗೀಬೇಕು. ಇದು ಮೊದಲಿಂದಲೂ ನನ್ನದೇ ಯೋಜನೆ. ನಾನು ತೆಗೆಯೋದು ಎಲ್ಲರಿಗೂ ಕಾಣಬೇಕು."

ಮುಳ್ಳುಹಂದಿ ಮುಳ್ಳು ನಿಮಿರಿಸಿತು. ದುಂಡಮ್ಮ ಅದನ್ನು ತಡೆದಳು. "ತೆಗೀಲಿ ಬಿಡಪ್ಪ. ಯಾರು ತೆಗೆದರೂ ಬರೋದು ನೀರೇ ತಾನೆ?" ಎಂದು ಮರಿಗಳನ್ನು ಕರೆದುಕೊಂಡು ದಡಕ್ಕೆ ಸರಿದಳು.

ಜಾಣಪ್ಪ ಒರತೆಯ ಬಾಯಿಯ ಎದುರು ನಿಂತು, "ಮಹನೀಯರೇ, ಈ ಶುಭ ಗಳಿಗೆಯಲ್ಲಿ..." ಎನ್ನುತ್ತಾ ಕಲ್ಲನ್ನು ಎಳೆದ. ಎಷ್ಟೋ ತಿಂಗಳಿಂದ ಗುಡ್ಡದೊಳಗೆ ಕಟ್ಟಿನಿಂತಿದ್ದ ನೀರು ಒಮ್ಮೆಲೇ ನುಗ್ಗಿತು. ಕಲ್ಲು, ಕೆಸರು, ಜಾಣಪ್ಪ, ಭಾಷಣ ಎಲ್ಲವೂ ಒಟ್ಟಿಗೆ ಹಳ್ಳಗುಂಟ ಉರುಳಿಹೋದವು. ಕೆಳಗಿನ ಮುಳ್ಳುಪೊದೆ ಅವನನ್ನು ಹಿಡಿದು ನಿಲ್ಲಿಸಿತು.

ಕೆಸರು ಮೆತ್ತಿಕೊಂಡು, ಕುಂಟುತ್ತಾ ಅವನು ಮೇಲೆ ಬಂದಾಗ ಯಾರೂ ತಿರುಗಿ ನೋಡಲಿಲ್ಲ. ಎಲ್ಲರ ತಲೆಯೂ ನೀರಿಗೆ ಬಾಗಿತ್ತು. ದುಂಡಮ್ಮನ ಕಿರಿಯ ಮರಿ ಕುಡಿದು ಕುಡಿದು ಬಿಕ್ಕಳಿಸುತ್ತಿತ್ತು. ಮೊಲ ಮಾತ್ರ ಕುಡಿಯದೆ ಬಹಳ ಹೊತ್ತು ನೀರನ್ನೇ ನೋಡುತ್ತಾ ನಿಂತಿತ್ತು. ದುಂಡಮ್ಮ ಹೋಗಿ ಅದರ ಪಕ್ಕದಲ್ಲಿ ಕುಳಿತಳು.

ಅಂದಿನಿಂದ ಜಾಣಪ್ಪನಿಗೆ ಯಾರೂ ತಿನಿಸು ತಂದಿಡಲಿಲ್ಲ. ಹಸಿವಾದಾಗ ಅವನೇ ಹಳ್ಳಕ್ಕಿಳಿದು, ಕಲ್ಲುಗಳ ಸಂದಿಯಲ್ಲಿ ಕೈಹಾಕಿ, ಒಂದೊಂದೇ ಏಡಿ ಹಿಡಿಯುವುದನ್ನು ಕಲಿತ.

ನೀತಿ: ಬೆಟ್ಟದಂಥ ಕೆಲಸವೂ ದಿನಕ್ಕಿಷ್ಟು ಎಂದು ಮಾಡುತ್ತಾ ಹೋದರೆ ಕರಗುತ್ತದೆ, ಬರೀ ಮಾತಾಡುತ್ತಾ ಕುಳಿತರೆ ಬೆಟ್ಟ ಅಲ್ಲೇ ಇರುತ್ತದೆ.